ಮೆಮೊರಿಯ ಮೇಲೆ ಮೂರು ಗೆರೆ

ಮುಚ್ಚಳ ಎತ್ತಿದ ರತ್ನಳ ಕೈ ಎತ್ತಿದಲ್ಲೇ ನಿಂತಿತು.

ಲ್ಯಾಪ್‌ಟಾಪು ಮೇಜಿನ ಮೇಲೆ ಬೋರಲು ಬಿದ್ದಿತ್ತು. ಎರಡು ಫ್ಯಾನುಗಳ ನಡುವೆ ಬೆರಳುದ್ದದ ಹಸಿರು ಪಟ್ಟಿಯೊಂದು ತನ್ನ ಜಾಗದಲ್ಲಿ ತಣ್ಣಗೆ ಕೂತಿತ್ತು. ಅದೇ ಮೆಮೊರಿ. ಅದರ ಮೇಲೆ ಕಂಪನಿಯವರು ಅಂಟಿಸಿದ ಬಿಳಿ ಕಾಗದ. ಆ ಕಾಗದದ ಮೇಲೆ, ಕಂಪನಿಯವರು ಏಳು ಜನ್ಮ ಎತ್ತಿ ಬಂದರೂ ಎಳೆಯಲಾರದ ಬೂದುಬಣ್ಣದ ಮೂರು ಗೆರೆ.

ಧೂಳ್ತ. ಮಾದಪ್ಪನ ಬೆಟ್ಟದ ವಿಭೂತಿ.

ರತ್ನ ಮೇಜಿಗೆ ಬಗ್ಗಿ ನೋಡಿದಳು. ಸಿಕ್ಕಿದ, ಎಂದುಕೊಂಡಳು. ಕೊನೆಗೂ ಸಿಕ್ಕಿಬಿದ್ದ ಕಳ್ಳನನ್ಮಗ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳು ಈ ಅಂಗಡಿ ಇಟ್ಟಾಗ ಆಸುಪಾಸಿನವರು ಮುಸಿಮುಸಿ ನಕ್ಕಿದ್ದರು. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದಳು: ‘ಗೇಮಿಂಗ್ ಲ್ಯಾಪ್‌ಟಾಪಿನ ಹಳೆ ಮೆಮೊರಿ ತನ್ನಿ, ಹೊಸದು ಹಾಕಿಸಿಕೊಳ್ಳಿ.’ ಮೆಮೊರಿಯ ಬೆಲೆ ಅಟ್ಟ ಹತ್ತಿ ಕೂತಿರುವ ಈ ಕಾಲದಲ್ಲಿ ಇದೆಂಥ ವ್ಯಾಪಾರ ಎಂದು ಆಡಿಕೊಂಡರು. ಹನೂರಿನಿಂದ, ಯಳಂದೂರಿನಿಂದ, ಮಧುವನಹಳ್ಳಿಯಿಂದ ಹುಡುಗರು ಬ್ಯಾಗು ಬೆನ್ನಿಗೇರಿಸಿಕೊಂಡು ಬಂದರು. ಎಲ್ಲರದೂ ಒಂದೇ ದೂರು, ಆಟ ರಂಗೇರುವ ಹೊತ್ತಿಗೆ ಪರದೆ ನಿಂತು ನಿಂತು ಓಡುತ್ತದೆ ಅಂತ. ರತ್ನ ಒಬ್ಬೊಬ್ಬರ ಯಂತ್ರವನ್ನೂ ಬಿಚ್ಚಿದಳು, ಹಳೆಯ ಮೆಮೊರಿಯನ್ನು ಕಿತ್ತು ಬೆಳಕಿಗೆ ಹಿಡಿದಳು, ಹೊಸದನ್ನು ಹಾಕಿ ಕಳಿಸಿದಳು. ವ್ಯಾಪಾರ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹಗೆ. ಅವಳಿಗೆ ಬೇಕಿದ್ದದ್ದು ಈ ಮೂರು ಗೆರೆ.

ಎರಡು ವರ್ಷದ ಹಿಂದೆ ತಮ್ಮ ಗುರುಪ್ರಕಾಶ್ ಯಳಂದೂರಿನ ಹತ್ತಿರ ಸುವರ್ಣಾವತಿ ಸೇತುವೆಯ ಕೆಳಗೆ ಬೈಕಿನ ಸಮೇತ ಹೆಣವಾಗಿ ಸಿಕ್ಕಿದ್ದ. ಅಪಘಾತ ಎಂದು ಎಲ್ಲರೂ ಕೈತೊಳೆದುಕೊಂಡಿದ್ದರು. ಅವನ ಬ್ಯಾಗು ಮನೆಗೆ ಬಂದಾಗ ಲ್ಯಾಪ್‌ಟಾಪು ಅದರೊಳಗೇ ಇತ್ತು. ಆದರೆ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಡ್ರೈವ್ ಇರಲಿಲ್ಲ, ಹಿಂದಿನ ದಿನವಷ್ಟೇ ಹಾಕಿದ್ದ ಎರಡು ಹೊಸ ಮೆಮೊರಿಗಳೂ ಇರಲಿಲ್ಲ. ಮುಚ್ಚಳದ ಸ್ಕ್ರೂಗಳು ಮಾತ್ರ ಒಂದೂ ಬಿಡದೆ ಬಿಗಿಯಾಗಿದ್ದವು. ಸೇತುವೆಯಿಂದ ಬಿದ್ದ ಯಂತ್ರ ತಾನೇ ಸ್ಕ್ರೂ ಬಿಚ್ಚಿಕೊಂಡು ಮತ್ತೆ ತಾನೇ ತಿರುಗಿಸಿಕೊಳ್ಳುವುದಿಲ್ಲ.

ಡ್ರೈವಿನಲ್ಲಿದ್ದದ್ದು ಪ್ರಕಾಶ ಹನೂರಿನ ಹತ್ತಿರದ ಶಾಗ್ಯದ ಕಡೆ ಡ್ರೋನ್ ಹಾರಿಸಿ ತೆಗೆದ ವಿಡಿಯೋ. ಸರ್ಕಾರ ಮುಚ್ಚಿಸಿದ್ದ ಕಲ್ಲಿನ ಕ್ವಾರಿಯೊಂದರಿಂದ ಯಾರೋ ಕಲ್ಲು ಹೇರಿಸುತ್ತಿದ್ದದ್ದು ಅದರಲ್ಲಿ ಸಿಕ್ಕಿದೆ ಎಂದು ಅಕ್ಕನಿಗೆ ಹೇಳಿದ್ದ, ಯಾರೆಂದು ಹೇಳುವಷ್ಟು ದಿನ ಬದುಕಲಿಲ್ಲ. ಕೊಂದವನಿಗೆ ಬೇಕಿದ್ದದ್ದು ಆ ಡ್ರೈವು. ಮೆಮೊರಿ ಕಿತ್ತದ್ದು ಬರೀ ದುರಾಸೆಗೆ. ಆ ದುರಾಸೆಯೇ ಒಂದು ದಿನ ಅವನ ಕತ್ತು ಹಿಡಿದು ತನ್ನ ಅಂಗಡಿಗೆ ತರುತ್ತದೆ ಎಂದು ರತ್ನ ಹಲ್ಲು ಕಚ್ಚಿ ಕಾದಿದ್ದಳು.

ಗೆರೆ ಎಳೆದವಳು ಅವ್ವ, ದೊಡ್ಡಬಸಮ್ಮ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು ಅವಳ ಕಸುಬು. ಮನೆಗೆ ಹೊಸದಾಗಿ ಏನು ಬಂದರೂ, ಮಿಕ್ಸಿಯಾಗಲಿ ಮೊಬೈಲಾಗಲಿ, ಮಾದಪ್ಪನ ಧೂಳ್ತ ಬೀಳದೆ ಅದು ಕೆಲಸ ಶುರುಮಾಡುವಂತಿರಲಿಲ್ಲ. ನೀರಲ್ಲಿ ಕಲಸಿ ಬಳಿದರೆ ಗೂಡು ಬೇಯಿಸುವ ಹಬೆಗೆ ಒಂದೇ ದಿನಕ್ಕೆ ಅಳಿಸಿಹೋಗುತ್ತದೆ. ಅದಕ್ಕೇ ಅವಳು ಹರಳೆಣ್ಣೆಯಲ್ಲಿ ಕಲಸಿ, ಸಣ್ಣ ಡಬ್ಬಿಯಲ್ಲಿ ಸದಾ ಜೊತೆಗಿಟ್ಟುಕೊಳ್ಳುತ್ತಿದ್ದಳು. ಹಾಗೆ ಕಲಸುವವರನ್ನು ರತ್ನ ಬೇರೆಲ್ಲೂ ಕಂಡಿರಲಿಲ್ಲ. ಎಣ್ಣೆ ಕಾಗದಕ್ಕೆ ಇಳಿದ ಮೇಲೆ ಯಾರು ಉಜ್ಜಿದರೂ ಹೋಗುವುದಿಲ್ಲ.

ಪ್ರಕಾಶ ಹೊಸ ಮೆಮೊರಿ ಹಾಕಲು ಕೂತಾಗಲೂ ಅಷ್ಟೇ, ಅವ್ವ ಮೂರು ಬೆರಳು ಅದ್ದಿಕೊಂಡು ಬಂದೇಬಿಟ್ಟಳು. ಎಳೆದ ಭರಕ್ಕೆ ಕೆಳಗಿನ ಹೊಂಬಣ್ಣದ ಹಲ್ಲುಗಳಿಗೂ ಎಣ್ಣೆ ಮೆತ್ತಿ ಲ್ಯಾಪ್‌ಟಾಪು ಆನ್ ಆಗಲೇ ಇಲ್ಲ. ಪ್ರಕಾಶ ರೇಗಾಡಿ, ರಬ್ಬರಿನಿಂದ ಉಜ್ಜಿ, ಮತ್ತೆ ಹಾಕಿದ. ಗೆಳೆಯರಿಗೆ ಗೊತ್ತಾದರೆ ಮಾನ ಹೋಗುತ್ತದೆ, ಮುಚ್ಚಳದೊಳಗಿನ ಸುದ್ದಿ ಮನೆಯ ಹೊರಗೆ ಹೋಗಕೂಡದು ಎಂದು ಅವ್ವನಿಂದಲೂ ಅಕ್ಕನಿಂದಲೂ ಮಾತು ತೆಗೆದುಕೊಂಡ. ಮರುದಿನ ಅವನೇ ಹೋಗಿಬಿಟ್ಟ. ಆ ಮಾತನ್ನು ರತ್ನ ಇವತ್ತಿನವರೆಗೂ ಉಳಿಸಿಕೊಂಡು ಬಂದಿದ್ದಳು.

ಈಗ ಕಣ್ಣ ಮುಂದಿನ ಗೆರೆಗಳಲ್ಲಿ ನಡುವಿನದು ಅರ್ಧಕ್ಕೆ ಮುರಿದಿತ್ತು. ಅವ್ವನ ಕೈ ಎಂಬುದಕ್ಕೆ ಇನ್ನೇನು ಬೇಕು? ಬಿಸಿನೀರಿಗೆ ಬೆಂದು ಸೊಟ್ಟಗಾದ ಅವಳ ನಡುಬೆರಳು ಎಲ್ಲೂ ಸರಿಯಾಗಿ ಊರುವುದಿಲ್ಲ. ಈ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅವಳೇ ಎಳೆದ ಗೆರೆಯಲ್ಲೂ ಅದೇ ಮುರುಕು.

ರತ್ನ ಮೆಮೊರಿಯನ್ನು ಕಿತ್ತು ಮೂಗಿನ ಹತ್ತಿರ ಹಿಡಿದಳು. ಹರಳೆಣ್ಣೆಯ ವಾಸನೆ ಗಮ್ಮೆಂದು ಬಡಿಯಿತು. ಹೆಬ್ಬೆರಳಿಗೆ ಜಿಡ್ಡು ಹತ್ತಿತು. ಅದನ್ನು ಕುರ್ತಾಕ್ಕೆ ಒರೆಸಿಕೊಂಡು ಫೋನಿಗೆ ಕೈಹಾಕಿದಳು.

ಲ್ಯಾಪ್‌ಟಾಪು ಯಳಂದೂರಿನ ಶಿವಶಂಕರನದು. ಅಪ್ಪನ ಗೊಬ್ಬರದಂಗಡಿಯ ಹಿಂದಿನ ಕೋಣೆಯಲ್ಲಿ ಗೇಮ್ ರೂಮ್ ಇಟ್ಟುಕೊಂಡಿರುವವನು. ಪ್ರಕಾಶನ ಜೊತೆ ಆಡುತ್ತಿದ್ದ, ಪ್ರಕಾಶನ ಕೈಲಿ ಸೋಲುತ್ತಿದ್ದ, ಸೋತಾಗೆಲ್ಲ ನಿನ್ನ ಯಂತ್ರ ಚೆನ್ನಾಗಿದೆ ಅದಕ್ಕೇ ಗೆದ್ದೆ ಎಂದು ಮೂಗು ಮುರಿಯುತ್ತಿದ್ದ. ಇವತ್ತು ಬೆಳಿಗ್ಗೆ ತಾನಾಗಿ ಬಂದು, ಹಳೆಯದನ್ನು ತಕೊಂಡು ಎರಡು ಹೊಸದು ಹಾಕಿಕೊಡಕ್ಕ ಎಂದು ಲ್ಯಾಪ್‌ಟಾಪು ಇಟ್ಟುಹೋಗಿದ್ದ.

ಇಷ್ಟು ದಿನ ರತ್ನಳ ಗುಮಾನಿ ಇದ್ದದ್ದು ಬೇರೆಯವನ ಮೇಲೆ. ಹನೂರಿನ ಚಿನ್ನಸ್ವಾಮಿ. ಡ್ರೋನು ಅವನದು, ಶಾಗ್ಯಕ್ಕೆ ಪ್ರಕಾಶನನ್ನು ಕರೆದುಕೊಂಡು ಹೋದವನು ಅವನು, ಪ್ರಕಾಶ ಸತ್ತ ಮೇಲೆ ಆ ಡ್ರೋನನ್ನು ಮಾರಿ ಊರಿಗೇ ಮುಖ ತೋರಿಸದೆ ಇದ್ದವನೂ ಅವನೇ. ಅವನತ್ತ ಬೆರಳು ತೋರಿಸಿದ್ದು ಮಾದಣ್ಣ ಮಾವ. ಪಾಪ, ಮಾವನೂ ತಪ್ಪು ತಿಳಿದಿದ್ದ ಎಂದುಕೊಳ್ಳುತ್ತಲೇ ಅವಳು ಮಾವನಿಗೆ ಫೋನು ಹಚ್ಚಿದಳು.

ಮಾದಣ್ಣ ದೊಡ್ಡಬಸಮ್ಮನ ಒಡಹುಟ್ಟಿದ ತಮ್ಮ. ಹನೂರಿನಲ್ಲಿ ಟಿಪ್ಪರ್ ಲಾರಿಗಳನ್ನು ಇಟ್ಟವನು. ಸೇತುವೆಯ ಕೆಳಗೆ ಇಳಿದು ಪ್ರಕಾಶನನ್ನು ಎತ್ತಿದವನು ಅವನು, ಬ್ಯಾಗನ್ನು ಕೈಯಾರೆ ತಂದು ಅಕ್ಕನ ಮಡಿಲಿಗೆ ಹಾಕಿದವನು ಅವನು. ಅಂಗಡಿ ಇಡುತ್ತೇನೆಂದು ರತ್ನ ಹೇಳಿದಾಗ ತನ್ನದೇ ಮಳಿಗೆ ಬಿಟ್ಟುಕೊಟ್ಟಿದ್ದ. ಏನು ಸಿಕ್ಕರೂ ಮೊದಲು ನನಗೆ ಹೇಳು ಎಂದಿದ್ದ. ಅಂಥಾದ್ದೇನು ಗುರುತು ಅದು ಎಂದು ಆಗಾಗ ಕೇಳುತ್ತಿದ್ದ. ಅದೊಂದನ್ನು ಮಾತ್ರ ರತ್ನ ಅವನಿಗೂ ಹೇಳಿರಲಿಲ್ಲ.

ಶಿವಶಂಕರನ ಹೆಸರನ್ನು ಮಾವ ಇನ್ನೊಮ್ಮೆ ಹೇಳಿಸಿದ.

“ಅವ ಬಂದ್ರೆ ನಾನ್ ಬರೋಗಂಟ ಬುಡಬ್ಯಾಡ,” ಎಂದ. “ಏನೂ ಕೇಳ್ಬ್ಯಾಡ, ಅವ ಏನ್ ಯೋಳಿದ್ರೂ ಕಿವಿಗಾಕಬ್ಯಾಡ. ಪೊಲೀಸು ಗಿಲೀಸು ಅನ್ಬ್ಯಾಡ ಮಗ. ನಮ್ ಕೂಸಿನ ಲೆಕ್ಕ, ನಾವೇ ಮುಗ್ಸನ.”

ನಾವೇ ಮುಗಿಸೋಣ ಎಂದರೆ ಏನೆಂದು ರತ್ನಳಿಗೆ ತಿಳಿಯದೆ ಇರಲಿಲ್ಲ. ಮಾವನ ಹುಡುಗರ ಕೈಗೆ ಸಿಕ್ಕವನು ಮತ್ತೆ ಯಳಂದೂರಿನ ಬಸ್ಸು ಹತ್ತುವುದಿಲ್ಲ. ಹತ್ತದಿದ್ದರೆ ಬೇಡ. ಅವನ ಅವ್ವನೂ ಹೆಣದ ಮುಂದೆ ಕೂತು ಎದೆ ಬಡಿದುಕೊಳ್ಳಲಿ. ಹೀಗೆ ಅಂದುಕೊಂಡಾಗ ಅವಳಿಗೆ ಹೆದರಿಕೆಯಾಗಲಿಲ್ಲ, ಹೊಟ್ಟೆ ತಣ್ಣಗಾಯಿತು.

ಮಾವ ಹನೂರಿನಿಂದ ಹೊರಡುವ ಹೊತ್ತಿಗೇ ಶಿವಶಂಕರ ಅಂಗಡಿಯ ಮೆಟ್ಟಿಲು ಹತ್ತಿದ. ಮಧ್ಯಾಹ್ನದ ಬಿಸಿಲಿಗೆ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ.

ರತ್ನ ಹೊಸ ಮೆಮೊರಿಗಳನ್ನು ಹಾಕಿ ಸ್ಕ್ರೂ ಬಿಗಿದಿದ್ದಳು. ಓಡಿಸಿ ನೋಡು ಎಂದಳು. ಅವನು ಕೂತು ಆಟ ಹಚ್ಚಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಪರದೆ ಓಡಿತು. ಅವನ ಬೆರಳುಗಳು ಕುಣಿದವು, ಮುಖವೆಲ್ಲ ಹಲ್ಲಾಯಿತು. ಇದೇ ಬೆರಳುಗಳಲ್ಲವೇ ನನ್ನ ತಮ್ಮನ ಬ್ಯಾಗಿಗೆ ಕೈಹಾಕಿದ್ದು ಎಂದು ರತ್ನ ನೋಡುತ್ತ ನಿಂತಳು. ಮಾವ ಸುಮ್ಮನಿರು ಎಂದಿದ್ದ. ಸುಮ್ಮನಿರಲು ಅವಳಿಂದಾಗಲಿಲ್ಲ.

“ಪ್ರಕಾಶನ್ನ ಸೇತುವೆಗಂಟ ಅಟ್ಟುಸ್ಕಂಡ್ ಓದ್ಯಾ,” ಎಂದಳು, “ಇಲ್ಲಾ ಅಲ್ಲೇ ಕಾಯ್ಕಂಡ್ ಕೂತಿದ್ಯಾ?”

ಅವನ ಕೈ ನಿಂತಿತು. ಪರದೆಯ ಮೇಲಿನ ಆಳು ಗುಂಡು ತಿಂದು ಬಿದ್ದ.

ರತ್ನ ಹಳೆಯ ಮೆಮೊರಿಯನ್ನು ಅವನ ಮುಂದೆ ಕುಕ್ಕಿದಳು. ಇದು ನಿನ್ನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು, ನನ್ನ ತಮ್ಮನದು, ಇದಕ್ಕೇನು ಹೇಳ್ತೀಯ ಎಂದಳು. ಶಿವಶಂಕರ ಅದನ್ನೂ ಅವಳನ್ನೂ ನೋಡಿದ. ಇದು ನನ್ನದೇ, ಲ್ಯಾಪ್‌ಟಾಪಿನ ಜೊತೆಗೇ ಮೈಸೂರಿನಲ್ಲಿ ತಕೊಂಡದ್ದು, ಅದೇ ಕಂಪನಿಯದು ಪ್ರಕಾಶನೂ ತಂದಿದ್ದ ಅಷ್ಟೇ, ಈ ಬೂದಿ ಎಲ್ಲಿಂದ ಬಂತೋ ದೇವರಾಣೆಗೂ ಗೊತ್ತಿಲ್ಲ ಎಂದು ತಡವರಿಸಿದ. ನಿನ್ನ ದೇವರನ್ನು ಆಮೇಲೆ ಕರಿ ಎಂದ ರತ್ನ ಗಲ್ಲಾಪೆಟ್ಟಿಗೆಯನ್ನು ಅವನ ಕಡೆ ತಿರುಗಿಸಿದಳು. ಎರಡೂ ಗೆರೆ ಒಂದೇ ಕೈಯವು ಹೌದೋ ಅಲ್ಲವೋ ಕಣ್ಣು ಬಿಟ್ಟು ನೋಡು ಎಂದಳು.

ಅವನು ಮೆಮೊರಿಯನ್ನು ಬೆಳಕಿಗೆ ಹಿಡಿದ. ಗಲ್ಲಾಪೆಟ್ಟಿಗೆಯನ್ನು ನೋಡಿದ, ಮತ್ತೆ ಮೆಮೊರಿಯನ್ನು ನೋಡಿದ. ಬೆವರಿದ್ದ ಮುಖದ ಮೇಲೆ ಜೀವ ಬಂದಂತೆ ಒಂದು ನಗು ಬಂತು. ಅವನು ಬಾಯಿ ತೆರೆದದ್ದು ಆ ನೆಮ್ಮದಿಯಲ್ಲೇ.

“ಇದು ಪ್ರಕಾಶಂದಲ್ಲ ಕಣಕ್ಕ. ಅವುಂದ್ರಲ್ಲಿ ಮೂರ್ ಗೆರೆನೂವೆ ನೆಟ್ಟಗಿದ್ವು.”

ರತ್ನ ಗಲ್ಲಾಪೆಟ್ಟಿಗೆಯ ಮೇಲಿನ ಮುರುಕು ಗೆರೆಯನ್ನು ನೋಡಿದಳು.

ನೆಟ್ಟಗಿದ್ದವು. ಹೌದಲ್ಲ, ಎಂದಿತು ರತ್ನಳ ಮನಸ್ಸು. ನೆಟ್ಟಗೇ ಇರಬೇಕಿತ್ತು.

ಅವ್ವನ ಬೆರಳು ಬೆಂದದ್ದು ಪ್ರಕಾಶನ ಹೆಣ ಮನೆಗೆ ಬಂದ ದಿನ. ಹೊರಗೆ ಕೂಗು ಎದ್ದಾಗ ಅವಳು ಕುದಿಯುವ ನೀರಿನ ಮುಂದೆ ಕೂತಿದ್ದಳು. ಕೈ ನೀರಿನೊಳಗೇ ಇದೆ ಎಂಬ ಅರಿವೂ ಇಲ್ಲದೆ ಬಾಗಿಲ ಕಡೆ ನೋಡುತ್ತ ಕೂತುಬಿಟ್ಟಿದ್ದಳು. ಯಾರೋ ಎಳೆದು ತೆಗೆಯುವಷ್ಟರಲ್ಲಿ ನಡುಬೆರಳು ಹೋಗಿತ್ತು. ಅದಕ್ಕೂ ಮುಂಚೆ ಎಳೆದ ಗೆರೆಗಳು, ಮನೆಯಲ್ಲಿ ನೂಲು ತೆಗೆಯುವ ಚರಕದ ಮೇಲಿನವು, ದಾರ ಹಿಡಿದು ಎಳೆದಷ್ಟು ನೆಟ್ಟಗಿವೆ. ದಿನಾ ನೋಡುವ ಕಣ್ಣಿಗೆ ಇವತ್ತು ಅದು ಹೊಳೆಯಲಿಲ್ಲ. ಹಗೆ ಅವಳ ಕಣ್ಣು ಕಟ್ಟಿತ್ತು.

ಹಾಗಾದರೆ ಈ ಗೆರೆ ಎಳೆದದ್ದು ಪ್ರಕಾಶ ಸತ್ತ ಮೇಲೆ. ರತ್ನ ತನ್ನ ಕುರ್ತಾದ ಕಡೆ ನೋಡಿಕೊಂಡಳು. ಹೆಬ್ಬೆರಳು ಒರೆಸಿದ ಕಡೆ ಎಣ್ಣೆ ಇನ್ನೂ ಹಸಿಯಾಗಿ ಹರಡಿತ್ತು. ಎರಡು ಬೇಸಿಗೆ ಲ್ಯಾಪ್‌ಟಾಪಿನ ಕಾವಿಗೆ ಬೆಂದ ಎಣ್ಣೆ ಹೀಗೆ ಮೆತ್ತುವುದಿಲ್ಲ, ಹೀಗೆ ಗಮ್ಮೆನ್ನುವುದೂ ಇಲ್ಲ.

ಬೆಳಿಗ್ಗೆ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಮುಚ್ಚಳ ಎತ್ತುವ ಮುಂಚೆ, ಮೈಸೂರಿನ ಬಸ್ಸಿಗೆ ಹಾಕಿದ್ದ ಹೊಸ ಮೆಮೊರಿಯ ಪಾರ್ಸೆಲ್ ತರಲು ಅವಳು ಬಸ್ ಸ್ಟ್ಯಾಂಡಿಗೆ ಹೋಗಿದ್ದಳು. ಅಷ್ಟು ಹೊತ್ತು ಅಂಗಡಿಯಲ್ಲಿ ಕೂತಿದ್ದವಳು ಊಟದ ಕ್ಯಾರಿಯರ್ ತಂದಿದ್ದ ಅವ್ವ. ಯಾರ ಲ್ಯಾಪ್‌ಟಾಪು ಇದು ಎಂದು ಕೇಳಿದ್ದಳು. ರತ್ನ ಹೇಳಿದ್ದಳು. ವಾಪಸು ಬಂದಾಗ ಅವ್ವ ಎಲೆ ಅಡಿಕೆ ತರುತ್ತೇನೆಂದು ಮುಖ ನೋಡದೆ ಎದ್ದುಹೋಗಿದ್ದಳು.

ಅವ್ವನೇ. ಇದು ಅವ್ವ ಇವತ್ತು ಹುಟ್ಟಿಸಿದ ಸಾಕ್ಷಿ. ಈ ಸುಳ್ಳು ಗೆರೆಯನ್ನು ನಂಬಿ ತಾನು ಒಬ್ಬನ ತಲೆಯನ್ನು ಮಾವನ ಕೈಗೆ ಕೊಟ್ಟಾಗಿತ್ತು.

ಆದರೆ ಅದರ ಹಿಂದೆಯೇ ಇನ್ನೊಂದು ಮಾತು ತಲೆಗೆ ಹೊಕ್ಕಿತು. ಗೆರೆ ಸುಳ್ಳೇ ಇರಲಿ. ನಿಜವಾದ ಗೆರೆಗಳು ನೆಟ್ಟಗಿದ್ದವೆಂದು ಇವನಿಗೆ ಹೇಗೆ ಗೊತ್ತು? ಅವನ್ನು ನೋಡಿದ ಕಣ್ಣುಗಳು ಮೂವರವು, ಒಬ್ಬ ಮಣ್ಣಿನಲ್ಲಿದ್ದಾನೆ. ಆ ಮುಚ್ಚಳ ಬಿಚ್ಚಿದವನಲ್ಲದೆ ನಾಲ್ಕನೆಯವರು ಯಾರೂ ನೋಡಿರಲು ಸಾಧ್ಯವಿಲ್ಲ.

ಶಿವಶಂಕರನಿಗೂ ಅದು ಅದೇ ಗಳಿಗೆಯಲ್ಲಿ ತಿಳಿಯಿತು. ನಗು ಮುಖದ ಮೇಲೇ ಒಣಗಿತು. ಲ್ಯಾಪ್‌ಟಾಪು ಮಡಚಿ ಕಂಕುಳಿಗೆ ಸೇರಿಸಿಕೊಂಡು ಬಾಗಿಲ ಕಡೆ ತಿರುಗಿದ.

ಬಾಗಿಲಲ್ಲಿ ದೊಡ್ಡಬಸಮ್ಮ ನಿಂತಿದ್ದಳು.

ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ. ಅವಳು ಒಳಗೆ ಬಂದು, ಕೈ ಮೇಲೆತ್ತಿ, ಶಟರನ್ನು ಸದ್ದು ಮಾಡಿಕೊಂಡು ಕೆಳಗೆಳೆದಳು. ಒಳಗಿನ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

“ನಾನೇ ಬಳ್ದೆ ಕಣಪ್ಪ,” ಎಂದಳು ಅವನಿಗೆ. ದನಿ ಏರಲಿಲ್ಲ. “ನನ್ ಕೂಸಿನ ತಿಥಿಗೆ ಬಂದು ಎರಡ್ ಸಲಾನೂ ನನ್ ಮಕ ನೋಡ್ದೆ ಓದೋನು ನೀನು. ಗುರುತು ಸಿಕ್ಲಿ ಅಂತ ನನ್ ಮಗ್ಳು ಕಾಯ್ತಾ ಕೂತ್ಲು. ನಂಗೆ ಕಾಯದಾಗ್ನಿಲ್ಲ. ನೆಟ್ಟಗಿದ್ವು ಅಂದ್ಯಲ್ಲ, ಎಲ್ಲಿ ನೋಡ್ದೆ ಯೋಳು.”

ಅವನು ಗೋಡೆಗೆ ಒತ್ತಿಕೊಂಡ. ಆ ಮುದುಕಿಯ ಕೈಯಲ್ಲಿ ಕತ್ತಿಯಿರಲಿಲ್ಲ, ಕೋಲಿರಲಿಲ್ಲ. ಆದರೂ ಅವನು ರತ್ನಳಿಗಿಂತ ಅವಳಿಗೇ ಹೆದರಿದ. ನಾನು ಬಿಚ್ಚಿಲ್ಲ ದೊಡ್ಡವ್ವ, ನಾನು ಪ್ರಕಾಶನ ಮೈ ಮುಟ್ಟಿಲ್ಲ ಎಂದ. ಮುಟ್ಟಿದವರು ಯಾರು ಎಂದಳು ರತ್ನ. ಅವನು ತಲೆಯಾಡಿಸಿದ. ಹೇಳಿದರೆ ನನ್ನನ್ನೂ ಉಳಿಸುವುದಿಲ್ಲ ಎಂದ.

“ಯೋಳ್ದಿದ್ರೆ ನಾನುಳಸ್ತೀನಾ?” ಎಂದಳು ದೊಡ್ಡಬಸಮ್ಮ.

ಹೊರಗೆ ಜೀಪೊಂದು ಬಂದು ನಿಂತ ಸದ್ದಾಯಿತು. ಅದರ ಬಾಗಿಲುಗಳು ಬಡಿದುಕೊಂಡವು, ಒಂದಕ್ಕಿಂತ ಹೆಚ್ಚು. ಹೆಜ್ಜೆಗಳು ಮೆಟ್ಟಿಲು ಹತ್ತಿದವು. ಯಾರೋ ಅಂಗೈಯಿಂದ ಶಟರು ತಟ್ಟಿದರು.

“ರತ್ನ,” ಮಾದಣ್ಣನ ದನಿ. “ಅಕ್ಕನೂ ಒಳ್ಗವ್ಳಾ? ಶಟರ್ ಯಾಕ್ ಎಳ್ಕಂಡ್ರಿ? ಅವ ಅವ್ನಾ? ತಗೀರಿ.”

ಆ ದನಿ ಕೇಳಿದ್ದೇ ತಡ, ಶಿವಶಂಕರ ಕುಸಿದು ಕೂತ. ಲ್ಯಾಪ್‌ಟಾಪು ನೆಲಕ್ಕೆ ಜಾರಿತು. ಅವನು ಕೈಯೂರಿಕೊಂಡು ಬಂದು ದೊಡ್ಡಬಸಮ್ಮನ ಕಾಲು ಹಿಡಿದುಕೊಂಡ. ಉಸಿರಿಗಿಂತ ಸಣ್ಣ ದನಿಯಲ್ಲಿ ಹೇಳಿದ.

“ತಗೀಬ್ಯಾಡಿ ದೊಡ್ಡವ್ವ. ಮಾದಣ್ಣೋರ್ ಕೈಲೇ ನೋಡಿದ್ದು. ಮಣ್ ಮಾಡಿದ್ ವಾರ್ದಲ್ಲೇ ನನ್ ಗೇಮ್ ರೂಮಿಗ್ ತಂದಿದ್ರು, ಈ ಮೆಮೊರಿಗ್ಳು ಯಾರ್ಗಾರ ಆಯ್ತವಾ ಅಂತ. ಬ್ಯಾಡ ಅಂದೆ. ಬಾಯ್ ಬುಟ್ರೆ ಪ್ರಕಾಶನ ಪಕ್ಕದಲ್ಲೇ ಮಲುಗುಸ್ತೀನಿ ಅಂದ್ರು.”

ರತ್ನ ಅವನ ಮುಖವನ್ನೇ ನೋಡಿದಳು. ಸುಳ್ಳಿರಬಹುದು. ಜೀವ ಉಳಿಸಿಕೊಳ್ಳಲು ಹೆಣೆದ ಕಥೆಯಿರಬಹುದು. ಆದರೆ ಹನೂರಿನ ಟಿಪ್ಪರ್‌ಗಳು, ಶಾಗ್ಯದ ಕ್ವಾರಿ, ಬ್ಯಾಗನ್ನು ಮನೆಗೆ ತಂದ ಕೈ, ಏನೂ ಕೇಳಬೇಡ ಎಂದ ಬಾಯಿ, ಎಲ್ಲವೂ ಒಂದರ ಪಕ್ಕ ಒಂದು ಬಂದು ನಿಂತವು. ಅವಳಿಗೆ ಅವ್ವನ ಕಡೆ ತಿರುಗಲು ಧೈರ್ಯ ಬರಲಿಲ್ಲ. ಮಾದಣ್ಣನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವ್ವನೇ.

ಶಟರು ಮತ್ತೆ ಅದುರಿತು. “ಅಕ್ಕ,” ಎಂದ ಮಾದಣ್ಣ ಹೊರಗಿನಿಂದ.

ದೊಡ್ಡಬಸಮ್ಮ ಸೆರಗಿನ ಗಂಟನ್ನು ನಿಧಾನವಾಗಿ ಬಿಚ್ಚಿದಳು. ಸೊಟ್ಟ ಬೆರಳಿಗೆ ಗಂಟು ಬೇಗ ಸಿಗಲಿಲ್ಲ. ಬೀಗದ ಕೈ ತೆಗೆದು ಮಗಳ ಅಂಗೈಯಲ್ಲಿಟ್ಟು, ಮಡಚಿದಳು.

“ತಗಿ ಮಗ,” ಎಂದಳು. “ನನ್ ತಮ್ಮ ಒಬ್ಬನೇ ಒಳಕ್ ಬರ್ಲಿ.”